ಗಣ್ಯಗಮನ ಲಕ್ಷಣ ಸಂಗ್ರಹ

ಶಾಸ್ತ್ರಗ್ರಂಥ ಬರೆಯಹೊರಟವನು ಮೊದಲು ನಾಲ್ಕು ಮಾತು ತಿಳಿಸಿಯೇ ಮುಂದುವರಿಯಬೇಕೆಂಬುದು ಹಿಂದಿನವರ ಕಟ್ಟಳೆ. ವಿಷಯ ಯಾವುದು, ಪ್ರಯೋಜನವೇನು, ಇವೆರಡಕ್ಕೂ ಸಂಬಂಧವೇನು, ಓದಲು ಅಧಿಕಾರಿ ಯಾರು. ಇಲ್ಲಿ ವಿಷಯವೆಂದರೆ ಜನಪ್ರತಿನಿಧಿಗಳು ಒಂದೂರಿನಿಂದ ಇನ್ನೊಂದೂರಿಗೆ ಹೋಗುವ ಬಗೆ. ಪ್ರಯೋಜನ, ಹೊತ್ತು ಕಳೆಯುವುದು. ಸಂಬಂಧ ಸ್ಪಷ್ಟವೇ ಇದೆ: ಅವರು ಹೋಗುವುದರಿಂದಲೇ ನಮಗೆ ಕಳೆಯಬೇಕಾದಷ್ಟು ಹೊತ್ತು ಒದಗುತ್ತದೆ. ಇನ್ನು ಅಧಿಕಾರಿ, ಬೆಂಗಳೂರಿನ ಮೇಖ್ರಿ ಸರ್ಕಲ್ಲಿನಲ್ಲಿ ಎಂಜಿನ್ ಆಫ್ ಮಾಡಿ ನಿಂತ ಯಾವುದೇ ನಾಗರಿಕ. ಸ್ಕೂಟರಿನವರಿಗೆ ಮೊದಲ ಆದ್ಯತೆ, ಬಿಸಿಲು ಅವರ ತಲೆಯ ಮೇಲೆ ನೇರವಾಗಿ ಬೀಳುವುದರಿಂದ.

ಮೊದಲು ಲಕ್ಷಣ. ಯಾರು ಚಲಿಸಿದರೆ ಉಳಿದವರು ನಿಲ್ಲಬೇಕಾಗುತ್ತದೋ ಅವರು ಗಣ್ಯರು. ಮೇಲ್ನೋಟಕ್ಕೆ ಸರಿಯೆನಿಸುವ ಈ ಲಕ್ಷಣಕ್ಕೆ ಅತಿವ್ಯಾಪ್ತಿಯ ದೋಷವಿದೆ ಎಂದು ತಾರ್ಕಿಕರು ಆಕ್ಷೇಪಿಸುತ್ತಾರೆ. ರೈಲ್ವೆ ಗೇಟಿನ ಮುಂದೆಯೂ ನಾವು ನಿಲ್ಲುತ್ತೇವೆ, ಗೂಡ್ಸ್ ಗಾಡಿ ಗಣ್ಯವೇ? ಸಂಜೆ ಮನೆಗೆ ಮರಳುವ ಎಮ್ಮೆಗಳು ಗಣ್ಯವೇ? ಹಾಗಾಗಿ ‘ಸೈರನ್ ಸಹಿತ’ ಎಂಬ ವಿಶೇಷಣ ಸೇರಿಸಿದೆವು. ಎಮ್ಮೆ ಕಳಚಿಕೊಂಡಿತು, ಆಂಬುಲೆನ್ಸ್ ಒಳಗೆ ಬಂದಿತು. ಅದನ್ನು ಹೊರಗಿಡಲು ‘ಆಂಬುಲೆನ್ಸನ್ನೂ ನಿಲ್ಲಿಸಬಲ್ಲ’ ಎಂದು ತಿದ್ದಿದೆವು. ಈಗ ಲಕ್ಷಣ ನಿರ್ದುಷ್ಟವಾಯಿತು ಎಂದುಕೊಳ್ಳುವಷ್ಟರಲ್ಲಿ 2017ರ ಜೂನ್ 17 ಬಂತು. ನಮ್ಮ ಮೆಟ್ರೊದ ಹಸಿರು ಮಾರ್ಗದ ಉದ್ಘಾಟನೆಗೆ ಬೆಂಗಳೂರಿಗೆ ಬಂದಿದ್ದ ರಾಷ್ಟ್ರಪತಿ ಪ್ರಣವ್ ಮುಖರ್ಜಿಯವರ ವಾಹನ ಸಾಲನ್ನು ಟ್ರಿನಿಟಿ ವೃತ್ತದಲ್ಲಿ ಒಬ್ಬ ಟ್ರಾಫಿಕ್ ಸಬ್ ಇನ್‌ಸ್ಪೆಕ್ಟರ್ ತಡೆದು ಆಂಬುಲೆನ್ಸಿಗೆ ದಾರಿ ಬಿಟ್ಟರು. ನಮ್ಮ ಶಾಸ್ತ್ರದ ಪ್ರಕಾರ ಅಷ್ಟು ಹೊತ್ತು ದೇಶದ ಪ್ರಥಮ ಪ್ರಜೆ ಗಣ್ಯರಾಗಿರಲಿಲ್ಲ. ರಾಷ್ಟ್ರಪತಿಯವರಿಗೆ ಏನೂ ಆಗಲಿಲ್ಲ, ಆ ಅಧಿಕಾರಿಗೆ ಇಲಾಖೆ ಬಹುಮಾನ ಘೋಷಿಸಿತು, ಲಕ್ಷಣ ಮಾತ್ರ ಮುರಿದುಬಿತ್ತು.

ಇದಕ್ಕೆ ಸೇರಿದ ಇನ್ನೊಂದು ಪ್ರಸಂಗ ಹೇಳಿಯೇ ಮುಂದೆ ಹೋಗಬೇಕು. 2020ರ ಫೆಬ್ರುವರಿಯಲ್ಲಿ ಹೃದಯದ ತೊಂದರೆಯಿದ್ದ ನಲವತ್ತು ದಿನದ ಕೂಸೊಂದನ್ನು ಮಂಗಳೂರಿನಿಂದ ಬೆಂಗಳೂರಿನ ಜಯದೇವ ಆಸ್ಪತ್ರೆಗೆ ಆಂಬುಲೆನ್ಸಿನಲ್ಲಿ ತಂದರು. ಸಾಮಾನ್ಯವಾಗಿ ಏಳೆಂಟು ಗಂಟೆ ಹಿಡಿಯುವ ದಾರಿ ಸುಮಾರು ನಾಲ್ಕೂವರೆ ಗಂಟೆಯಲ್ಲಿ ಮುಗಿಯಿತು. ಘಾಟಿಯ ಕೆಳಗೂ ಮೇಲೂ ಊರೂರಿನ ಜನ ತಾವಾಗಿಯೇ ರಸ್ತೆಗಿಳಿದು, ಲಾರಿಗಳನ್ನು ಬದಿಗೆ ಹಾಕಿಸಿ, ಕೈಬೀಸಿ ದಾರಿ ಮಾಡಿಕೊಟ್ಟರು. ಅದೂ ಝೀರೊ ಟ್ರಾಫಿಕ್ಕೇ, ಗಣ್ಯರಿಗಾಗಿ ರಸ್ತೆ ಖಾಲಿ ಮಾಡಿಸುವಂಥದ್ದೇ. ಒಬ್ಬನೂ ಗೊಣಗಲಿಲ್ಲ. ಇದನ್ನು ನೆನಪಿನಲ್ಲಿಡಿ. ನಮ್ಮ ಜನಕ್ಕೆ ತಾಳ್ಮೆಯಿಲ್ಲ, ಗಣ್ಯರ ಭದ್ರತೆ ಅರ್ಥವಾಗುವುದಿಲ್ಲ ಎಂದು ಮುಂದೆ ಪೂರ್ವಪಕ್ಷದವರು ವಾದ ಹೂಡುತ್ತಾರೆ, ಆಗ ಬೇಕಾಗುತ್ತದೆ.

ಇನ್ನು ವಿಭಾಗ. ಗಣ್ಯರನ್ನು ಅವರು ಏರುವ ವಾಹನದಿಂದ ವಿಂಗಡಿಸುವುದು ವಾಡಿಕೆ. ಭೂಚರ, ಲೋಹಪಥಚರ, ಖೇಚರ ಎಂದು ಮೂರು.

ಭೂಚರರಲ್ಲಿ ಬಸ್ಸಿನವರದು ಲುಪ್ತವರ್ಗ. ಒಂದು ಕಾಲದಲ್ಲಿ ಇವರು ಇದ್ದರೆಂಬುದಕ್ಕೆ ಶಾಸನಾಧಾರವಿದೆ. ಕೆಂಪು ಬಸ್ಸು ಹತ್ತಿ ಕಿಟಕಿಯ ಮೇಲಿನ ತಗಡಿನ ಪಟ್ಟಿ ನೋಡಿದರೆ ಮಹಿಳೆಯರಿಗೆ, ಅಂಗವಿಕಲರಿಗೆ ಎಂಬುದರ ಜೊತೆಗೇ ‘ಶಾಸಕರಿಗೆ’ ಎಂಬ ಬರಹ ಕಾಣುತ್ತದೆ. ಅಲ್ಲಿ ಕೂತವರು ಸಾಧಾರಣವಾಗಿ ಮಡಿಲಲ್ಲಿ ತರಕಾರಿ ಚೀಲ ಇಟ್ಟುಕೊಂಡಿರುತ್ತಾರೆ. ಏಳಿ, ಇದು ಶಾಸಕರ ಸೀಟು ಎಂದು ಕಂಡಕ್ಟರ್ ಅವರನ್ನು ಎಬ್ಬಿಸಿದ ಉದಾಹರಣೆ ಈ ಗ್ರಂಥಕರ್ತನಿಗೆ ಸಿಕ್ಕಿಲ್ಲ.

ಆದರೂ ಲುಪ್ತವೆಂದು ಷರಾ ಬರೆದು ಮುಗಿಸುವಂತಿಲ್ಲ, ಎರಡು ಸಂದರ್ಭಗಳಲ್ಲಿ ಶಾಸಕರು ಬಸ್ಸಿನಲ್ಲಿ ಗೋಚರಿಸುತ್ತಾರೆ. ಒಂದು, ಸರ್ಕಾರ ಅಲುಗಾಡುವಾಗ. 2018ರ ಮೇ ತಿಂಗಳಲ್ಲಿ ಕಾಂಗ್ರೆಸ್ ಮತ್ತು ಜೆಡಿಎಸ್ ಶಾಸಕರು ರಾತ್ರೋರಾತ್ರಿ ಖಾಸಗಿ ಬಸ್ಸುಗಳಲ್ಲಿ ಹೈದರಾಬಾದಿಗೆ ಹೋದರು. ಆ ಬಸ್ಸಿನಲ್ಲಿ ಎಲ್ಲ ಸೀಟೂ ಶಾಸಕರಿಗೇ. ಎರಡನೆಯದು ಗ್ರಾಮವಾಸ್ತವ್ಯ. 2019ರ ಜೂನ್ 26ರಂದು ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿ ರಾಯಚೂರಿನಿಂದ ಕರೇಗುಡ್ಡಕ್ಕೆ ಸರ್ಕಾರಿ ಬಸ್ಸಿನಲ್ಲೇ ಹೊರಟರು. ಒಳ್ಳೆಯ ನಡೆ. ದಾರಿಯಲ್ಲಿ ಯರಮರಸ್ ವಿದ್ಯುತ್ ಸ್ಥಾವರದ ಗುತ್ತಿಗೆ ಕಾರ್ಮಿಕರು ಬೇಡಿಕೆ ಹಿಡಿದು ಬಸ್ಸಿಗೆ ಅಡ್ಡ ನಿಂತರು. ಮುಖ್ಯಮಂತ್ರಿಗಳಿಗೆ ಸಿಟ್ಟು ಬಂತು. ಮೋದಿಗೆ ವೋಟು ಹಾಕಿ ನನ್ನ ಹತ್ತಿರ ಬರುತ್ತೀರಾ ಎಂಬ ಅರ್ಥದ ಅವರ ಮಾತು ಅಂದು ಸಂಜೆಯೇ ಎಲ್ಲ ಟಿವಿಯಲ್ಲೂ ಓಡಿತು. ರಾಜಕೀಯದವರು ಇದನ್ನು ತಮಗೆ ಬೇಕಾದಂತೆ ಬಳಸಿಕೊಂಡರು. ಶಾಸ್ತ್ರಕ್ಕೆ ಇದರಲ್ಲಿರುವ ಆಸಕ್ತಿ ಬೇರೆ. ನಡುದಾರಿಯಲ್ಲಿ, ತನ್ನ ತಪ್ಪಿಲ್ಲದೆ, ಯಾರದೋ ಕಾರಣಕ್ಕೆ ವಾಹನ ನಿಂತಾಗ ಮನುಷ್ಯನಿಗೆ ಏನಾಗುತ್ತದೆ ಎಂಬುದನ್ನು ಒಬ್ಬ ಮುಖ್ಯಮಂತ್ರಿ ಕ್ಯಾಮೆರಾ ಮುಂದೆ ತೋರಿಸಿಕೊಟ್ಟ ಅಪರೂಪದ ಪ್ರಯೋಗ ಅದು. ನಾವೂ ಸಿಗ್ನಲ್ಲಿನಲ್ಲಿ ಹೆಚ್ಚೂಕಮ್ಮಿ ಅದನ್ನೇ ಆಡುವುದು, ಮೈಕ್ ಇರುವುದಿಲ್ಲ ಅಷ್ಟೆ.

ಕಾರಿನವರ ಮೂಲ ಲಾಂಛನ ನೆತ್ತಿಯ ಕೆಂಪು ದೀಪ. 2013ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸಾಂವಿಧಾನಿಕ ಹುದ್ದೆಗಳಲ್ಲಿರುವ ಅತಿ ಗಣ್ಯರಿಗಷ್ಟೇ ಸೀಮಿತಗೊಳಿಸಲು ಹೇಳಿತು. 2017ರ ಮೇ 1ರಿಂದ ಕೇಂದ್ರ ಸರ್ಕಾರ ಮೋಟಾರು ವಾಹನ ನಿಯಮವನ್ನೇ ತಿದ್ದಿ ಪ್ರಧಾನಿ, ರಾಷ್ಟ್ರಪತಿಯವರ ಕಾರಿನಿಂದಲೂ ಇಳಿಸಿತು. ಪ್ರತಿಯೊಬ್ಬ ಭಾರತೀಯನೂ ವಿಐಪಿ ಎಂದು ಪ್ರಧಾನಿ ಹೇಳಿದರು. ಸಚಿವರು ಸ್ವಹಸ್ತದಿಂದ ದೀಪ ಕಿತ್ತು ಫೋಟೊ ತೆಗೆಸಿಕೊಂಡರು. ಆದರೆ ದೀಪಕ್ಕೆ ಮೋಕ್ಷ ಸಿಗಲಿಲ್ಲ, ಪುನರ್ಜನ್ಮ ಸಿಕ್ಕಿತು. ಗ್ರಿಲ್ಲಿನೊಳಗೆ ಮಿಣಮಿಣ ಎನ್ನುವ ನೀಲಿ ಕೆಂಪು ಪಟ್ಟಿಯಾಗಿ, ಮುಂದೋಡುವ ಬೊಲೆರೊದ ಸೈರನ್ನಾಗಿ, ಕಿಟಕಿಯಿಂದ ಹೊರಚಾಚಿ ‘ಸೈಡಿಗೆ ಹೋಗ್ರೀ’ ಎನ್ನುವ ಕೈಯಾಗಿ ಹುಟ್ಟಿ ಬಂತು. ಕೆಳಗಿನ ಲೋಕದಲ್ಲಿ ಅದು ನಂಬರ್ ಪ್ಲೇಟಿನ ಮೇಲಿನ ಬಂಗಾರದ ಅಕ್ಷರದ ಬೋರ್ಡಾಯಿತು: ಅಧ್ಯಕ್ಷರು, ಉಪಾಧ್ಯಕ್ಷರು, ನಿರ್ದೇಶಕರು, ಮಾಜಿ ನಿರ್ದೇಶಕರು. ಯಾವ ಸಂಸ್ಥೆಯ ನಿರ್ದೇಶಕರು ಎಂಬುದು ಹತ್ತಿರ ಹೋದರೆ ಮಾತ್ರ ಓದಲಿಕ್ಕಾಗುವಷ್ಟು ಸಣ್ಣಕ್ಷರದಲ್ಲಿರುತ್ತದೆ, ಹತ್ತಿರ ಹೋಗಲು ಅವರು ಬಿಡುವುದಿಲ್ಲ.

ಭೂಚರರ ಶಕುನಶಾಸ್ತ್ರಕ್ಕೆ ಒಂದೇ ಸಾಲು ಸಾಕು. 2016ರ ಜೂನಿನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರ ಕಾರಿನ ಮೇಲೆ ಕಾಗೆಯೊಂದು ಕೂತು ಏಳಲೊಲ್ಲದೆ ಸುದ್ದಿಯಾಯಿತು, ಕೆಲ ದಿನಗಳಲ್ಲಿ ಹೊಸ ಕಾರು ಬಂತು, ಎರಡಕ್ಕೂ ಸಂಬಂಧವಿಲ್ಲ ಎಂದು ಅವರು ಹೇಳಿದರು, ನಂಬದಿರಲು ನಮಗೆ ಕಾರಣವಿಲ್ಲ. ಇದೇ ಸಿದ್ದರಾಮಯ್ಯನವರು 2023ರ ಮೇ ತಿಂಗಳಲ್ಲಿ ಎರಡನೇ ಬಾರಿ ಅಧಿಕಾರ ಹಿಡಿದ ಮರುದಿನವೇ ತಮ್ಮ ವಾಹನಕ್ಕೆ ಝೀರೊ ಟ್ರಾಫಿಕ್ ಬೇಡ ಎಂದು ಪೊಲೀಸರಿಗೆ ತಿಳಿಸಿದರು. ಜನರಿಗೆ ತೊಂದರೆಯಾಗುವುದನ್ನು ಕಣ್ಣಾರೆ ಕಂಡೆ ಎಂಬುದು ಅವರು ಕೊಟ್ಟ ಕಾರಣ. ಮೆಚ್ಚಬೇಕಾದ ಮಾತು. ಝೀರೊ ಟ್ರಾಫಿಕ್ ಎಷ್ಟು ತೂಕದ ವಸ್ತುವೆಂದರೆ 2019ರಲ್ಲಿ ಮೈತ್ರಿ ಸರ್ಕಾರ ಬೀಳುವ ಗಳಿಗೆಯಲ್ಲಿ, ರಾಜೀನಾಮೆ ಕೊಡಲು ವಿಮಾನ ನಿಲ್ದಾಣದಿಂದ ವಿಧಾನಸೌಧಕ್ಕೆ ಓಡಿಬಂದ ಅತೃಪ್ತ ಶಾಸಕರಿಗೆ ಅದನ್ನು ಕೊಟ್ಟರೋ ಇಲ್ಲವೋ ಎಂಬುದೇ ಸದನದಲ್ಲಿ ಜಗಳದ ವಸ್ತುವಾಗಿತ್ತು. ಸರ್ಕಾರ ಹೋದದ್ದಕ್ಕಿಂತ ರಸ್ತೆ ಬಿಟ್ಟದ್ದು ಕೆಲವರಿಗೆ ಹೆಚ್ಚು ನೋವು ತಂದಂತಿತ್ತು.

ಟೋಲ್ ಗೇಟಿನ ವಿನಾಯಿತಿ ಪಟ್ಟಿಯನ್ನು ವಿದ್ಯಾರ್ಥಿಗಳು ಸ್ವಾಧ್ಯಾಯಕ್ಕೆ ಇಟ್ಟುಕೊಳ್ಳಬಹುದು. ಹಸಿರು ಬೋರ್ಡು, ದೊಡ್ಡದು. ಸಂಸದರಿದ್ದಾರೆ, ಗುರುತಿನ ಚೀಟಿ ತೋರಿಸಿದರೆ ಆಯಾ ರಾಜ್ಯದ ಶಾಸಕರೂ ಇದ್ದಾರೆ, ಪರಮವೀರ ಚಕ್ರ ಪಡೆದವರೂ ಇದ್ದಾರೆ. ಗುಂಡಿಗೆ ಎದೆಗೊಟ್ಟವನೂ ಸುಂಕಕ್ಕೆ ಬೆನ್ನು ತಿರುಗಿಸುವವನೂ ಒಂದೇ ಬೋರ್ಡಿನಲ್ಲಿ ಸಿಗುವುದು ಅಲ್ಲೇ.

ಲೋಹಪಥಚರರಿಗೆ ಬರೋಣ. ಸಂಸದರ ಸಂಬಳ, ಭತ್ಯೆ, ಪಿಂಚಣಿಗೆ 1954ರಲ್ಲೇ ಒಂದು ಕಾಯ್ದೆಯಾಗಿದೆ. ಅದರ ಪ್ರಕಾರ ಹಾಲಿ ಸಂಸದರಿಗೆ ಎ.ಸಿ. ಮೊದಲ ದರ್ಜೆಯ ಉಚಿತ ಪಾಸು, ಮಾಜಿಗಳಿಗೆ ಜೊತೆಗಾರರೊಂದಿಗೆ ಎ.ಸಿ. ಎರಡನೇ ದರ್ಜೆ, ಒಬ್ಬರೇ ಹೋದರೆ ಮೊದಲ ದರ್ಜೆ. ಜನರಿಗೆ ಈ ಪಾಸಿನ ಮೇಲೆ ಅಷ್ಟೇನೂ ಸಿಟ್ಟಿಲ್ಲ, ಅದು ಕಾಣುವುದೂ ಇಲ್ಲ. ರೈಲಿನಲ್ಲಿ ನಿಜವಾಗಿ ಕೆಲಸ ಮಾಡುವುದು ಪಾಸಲ್ಲ, ಲೆಟರ್‌ಹೆಡ್.

ಇಲ್ಲಿ ಸ್ವಲ್ಪ ಹೊತ್ತು ನಿಲ್ಲುವುದು ಒಳ್ಳೆಯದು. ದೀಪಾವಳಿಗೆ ಎರಡು ದಿನವಿದೆ. ಕಲಬುರಗಿ ಕಡೆ ಹೋಗುವ ರೈಲಿಗೆ ವೇಟಿಂಗ್ ಲಿಸ್ಟ್ ಎಂಬತ್ತು ದಾಟಿದೆ. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಒಬ್ಬಾತ ತನ್ನ ಊರಿನ ಸಂಸದರ ಆಪ್ತ ಸಹಾಯಕನಿಗೆ ಫೋನು ಹಚ್ಚುತ್ತಾನೆ. “ಅಣ್ಣಾ, ಸಾಹೇಬ್ರದೊಂದು ಲೆಟರ್ ಆಗಬೇಕಿತ್ತು.” ಆ ಕಡೆಯಿಂದ, “ಚಾರ್ಟ್ ಆಗೋ ಹೊತ್ತಿಗೆ ಹೇಳ್ತೀರಲ್ರಪ್ಪ, ಮೊದ್ಲೇ ಹೇಳಬಾರ್ದೇನು? ಪಿಎನ್‌ಆರ್ ವಾಟ್ಸಾಪ್ ಮಾಡ್ರಿ.” ತುರ್ತು ಕೋಟಾ ಎಂದು ರೈಲ್ವೆ ಕೆಲವು ಬರ್ತುಗಳನ್ನು ಎತ್ತಿಟ್ಟಿರುತ್ತದೆ. ಗಣ್ಯರ ತುರ್ತು ಪ್ರಯಾಣಕ್ಕೆ, ಕಾಯಿಲೆಯವರಿಗೆ, ಸರ್ಕಾರಿ ಕೆಲಸದವರಿಗೆಂದು. ಪತ್ರ ರೈಲ್ವೆ ಕಚೇರಿ ತಲುಪುತ್ತದೆ, ಚಾರ್ಟ್ ತಯಾರಾಗುತ್ತದೆ, ಎಂಬತ್ತನಾಲ್ಕನೇ ನಂಬರಿನವನಿಗೆ ಬರ್ತು ಸಿಗುತ್ತದೆ. ಹನ್ನೆರಡನೇ ನಂಬರಿನ ಮುದುಕಿಗೆ ಸಿಗುವುದಿಲ್ಲ. ಆಕೆಗೆ ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೆಂದೂ ತಿಳಿಯುವುದಿಲ್ಲ, ಏಕೆಂದರೆ ಇಲ್ಲಿ ಸೈರನ್ ಇಲ್ಲ. ಬರ್ತು ಸಿಕ್ಕವನು ಮೇಲೇರಿ ಮಲಗಿ ಮೊಬೈಲಿನಲ್ಲಿ ರಾಜಕಾರಣಿಗಳ ದರ್ಬಾರಿನ ವಿಡಿಯೊ ನೋಡುತ್ತ, ಸಿಟ್ಟಿನ ಇಮೋಜಿ ಒತ್ತುತ್ತ ನಿದ್ದೆಹೋಗುತ್ತಾನೆ.

ಖೇಚರರು ಸಂಖ್ಯೆಯಲ್ಲಿ ಕಡಿಮೆ, ಸದ್ದಿನಲ್ಲಿ ಹೆಚ್ಚು. ಸಂಸದರಿಗೆ ವರ್ಷಕ್ಕೆ 34 ಏಕಮುಖ ವಿಮಾನ ಪ್ರಯಾಣ ಉಚಿತ. ದೆಹಲಿಗೂ ಕ್ಷೇತ್ರಕ್ಕೂ ಓಡಾಡಬೇಕಾದವರಿಗೆ ಅದು ಅತಿಯೆಂದು ಹೇಳಲಾರೆ. ಬೀದರಿನವರೋ ಚಾಮರಾಜನಗರದವರೋ ಬಸ್ಸಿನಲ್ಲಿ ಸಂಸತ್ತಿಗೆ ಹೋಗಲಿ ಎನ್ನುವುದು ಹಟವಾದೀತು. ಖೇಚರರ ತೊಂದರೆ ಶುರುವಾಗುವುದು ಟಿಕೆಟಿನಲ್ಲಲ್ಲ, ಸೀಟಿನಲ್ಲಿ. 2017ರ ಮಾರ್ಚ್ 23ರಂದು ಉಸ್ಮಾನಾಬಾದಿನ ಶಿವಸೇನೆ ಸಂಸದ ರವೀಂದ್ರ ಗಾಯಕವಾಡ್ ಪುಣೆಯಿಂದ ದೆಹಲಿಗೆ ಹೊರಟ ವಿಮಾನದಲ್ಲಿ ಬಿಸಿನೆಸ್ ದರ್ಜೆಯೇ ಇರಲಿಲ್ಲ. ಇಲ್ಲದ ದರ್ಜೆಯನ್ನು ಕೊಡದಿದ್ದುದಕ್ಕೆ ಅವರು ದೆಹಲಿಯಲ್ಲಿ ಇಳಿಯಲು ಒಪ್ಪದೆ, ಏರ್ ಇಂಡಿಯಾ ಸಿಬ್ಬಂದಿಯೊಬ್ಬರಿಗೆ ಚಪ್ಪಲಿಯಿಂದ ಹೊಡೆದರು. ಇಪ್ಪತ್ತೈದು ಬಾರಿ ಹೊಡೆದೆ ಎಂದು ಟಿವಿಯವರಿಗೆ ಲೆಕ್ಕವನ್ನೂ ಒಪ್ಪಿಸಿದರು. ವಿಮಾನ ಕಂಪನಿಗಳೆಲ್ಲ ಸೇರಿ ಅವರನ್ನು ಹತ್ತಿಸಿಕೊಳ್ಳುವುದಿಲ್ಲ ಎಂದವು. ಲೋಕಸಭೆಯಲ್ಲಿ ಗದ್ದಲವಾಗಿ, ಎರಡು ವಾರದಲ್ಲಿ ನಿಷೇಧ ತೆರವಾಯಿತು. ಜೂನಿನಲ್ಲಿ ಅನಂತಪುರದ ಸಂಸದ ಜೆ.ಸಿ. ದಿವಾಕರ ರೆಡ್ಡಿ ವಿಶಾಖಪಟ್ಟಣದಲ್ಲಿ ತಡವಾಗಿ ಬಂದು, ವಿಮಾನ ಹತ್ತಿಸಲಿಲ್ಲವೆಂದು ರಂಪ ಮಾಡಿ ಅಂಥದ್ದೇ ನಿಷೇಧಕ್ಕೆ ಒಳಗಾದರು.

ಅದರ ಬೆನ್ನಿಗೆ, ಅದೇ ವರ್ಷದ ಸೆಪ್ಟೆಂಬರಿನಲ್ಲಿ ಸರ್ಕಾರವೇ ಒಂದು ವರ್ಗೀಕರಣ ಶಾಸ್ತ್ರ ಬರೆಯಿತು. ಬಾಯಿಮಾತಿನ ದುರ್ವರ್ತನೆಗೆ ಮೂರು ತಿಂಗಳವರೆಗೆ, ಮೈಮುಟ್ಟುವ ದುರ್ವರ್ತನೆಗೆ ಆರು ತಿಂಗಳವರೆಗೆ, ಜೀವಕ್ಕೆ ಅಪಾಯ ತರುವುದಕ್ಕೆ ಎರಡು ವರ್ಷ ಅಥವಾ ಹೆಚ್ಚು ವಿಮಾನಯಾನ ನಿಷೇಧ. ಚಪ್ಪಲಿ ಎರಡನೇ ಹಂತದಲ್ಲಿ ಬರುತ್ತದೆ. ನಮ್ಮ ಗ್ರಂಥಕ್ಕಿಂತ ಅದು ಎಷ್ಟೋ ಚೊಕ್ಕ, ಒಪ್ಪಿಕೊಳ್ಳುತ್ತೇನೆ.

ಆದರೆ ಚಪ್ಪಲಿಗಿಂತ ಜನರ ಮನಸ್ಸಿಗೆ ಹೆಚ್ಚು ನಾಟಿದ್ದು ಸದ್ದಿಲ್ಲದ ಒಂದು ಪ್ರಕರಣ. 2015ರ ಜೂನಿನಲ್ಲಿ ಲೇಹ್‌ನಿಂದ ದೆಹಲಿಗೆ ಹೊರಟ ಏರ್ ಇಂಡಿಯಾ ವಿಮಾನದಿಂದ ಮಗು ಸೇರಿ ಮೂವರು ಪ್ರಯಾಣಿಕರನ್ನು ಇಳಿಸಿ, ಕೇಂದ್ರ ಗೃಹ ಖಾತೆಯ ರಾಜ್ಯ ಸಚಿವ ಕಿರೆನ್ ರಿಜಿಜು ಮತ್ತು ಜೊತೆಯವರಿಗೆ ಜಾಗ ಮಾಡಲಾಯಿತು. ಯಾರನ್ನೋ ಇಳಿಸಿದ್ದಾರೆಂದು ತಿಳಿದಿರಲಿಲ್ಲ ಎಂದು ಸಚಿವರು ಕ್ಷಮೆ ಕೇಳಿದರು. ತಿಳಿದಿರಲಿಲ್ಲ ಎಂಬುದು ನಿಜವೇ ಇರಬಹುದು. ಗಣ್ಯಗಮನದ ರಚನೆಯೇ ಹಾಗೆ: ತನಗಾಗಿ ಯಾರು ಇಳಿದರು, ಯಾರು ನಿಂತರು ಎಂಬುದು ಗಣ್ಯನಿಗೆ ತಿಳಿಯದಂತೆ ನೋಡಿಕೊಳ್ಳುವುದೇ ಸುತ್ತಲಿನವರ ಕೆಲಸ. ಕಾರಿನ ಕಪ್ಪು ಗಾಜು ಹೊರಗಿನವರಿಗಾಗಿ ಮಾತ್ರ ಇರುವುದಲ್ಲ.

ಖೇಚರರಲ್ಲಿ ವ್ರತಸ್ಥರೆಂಬ ಉಪಜಾತಿಯಿದೆ. ಇವರು ಋತುಮಾನಕ್ಕೆ ಕಾಣಿಸುತ್ತಾರೆ. 2009ರ ಸೆಪ್ಟೆಂಬರಿನಲ್ಲಿ ಯುಪಿಎ ಸರ್ಕಾರಕ್ಕೆ ಮಿತವ್ಯಯದ ವ್ರತ ಹಿಡಿದಿತ್ತು. ಹಣಕಾಸು ಸಚಿವ ಪ್ರಣವ್ ಮುಖರ್ಜಿಯವರ ಮಾತಿನ ಮೇಲೆ ವಿದೇಶಾಂಗ ಸಚಿವರಾಗಿದ್ದ ನಮ್ಮ ಎಸ್.ಎಂ. ಕೃಷ್ಣ ಮತ್ತು ರಾಜ್ಯ ಸಚಿವ ಶಶಿ ತರೂರ್ ದೆಹಲಿಯ ಪಂಚತಾರಾ ಹೋಟೆಲುಗಳನ್ನು ಬಿಟ್ಟು ಹೊರಬಂದರು. ಬಿಲ್ಲು ಸ್ವಂತದ್ದು ಎಂದು ಇಬ್ಬರೂ ಹೇಳಿದರು. ಸೋನಿಯಾ ಗಾಂಧಿ ಇಕಾನಮಿ ದರ್ಜೆಯಲ್ಲಿ ಮುಂಬೈಗೆ ಹಾರಿದರು, ರಾಹುಲ್ ಗಾಂಧಿ ಲುಧಿಯಾನಕ್ಕೆ ಶತಾಬ್ದಿ ರೈಲು ಹತ್ತಿದರು. ‘ದನದ ದರ್ಜೆ’ಯಲ್ಲಿ, ಎಂದರೆ ಇಕಾನಮಿಯಲ್ಲಿ, ಹೋಗುತ್ತೀರಾ ಎಂದು ಯಾರೋ ಕೇಳಿದ್ದಕ್ಕೆ ತರೂರ್, ನಮ್ಮ ಪವಿತ್ರ ಹಸುಗಳ ಜೊತೆಗೆ ದನದ ದರ್ಜೆಯಲ್ಲೇ ಹೋಗುತ್ತೇನೆ ಎಂಬರ್ಥದ ಟ್ವೀಟ್ ಮಾಡಿ ದೇಶವನ್ನೇ ಎದುರುಹಾಕಿಕೊಂಡರು. ಅವರದು ಬರಿಯ ತಮಾಷೆ. ಮೊಣಕಾಲು ಮುಂದಿನ ಸೀಟಿಗೆ ಒತ್ತಿಕೊಂಡು ಹೋಗುವ ನಾವೂ ಅದನ್ನು ಬೇರೇನೂ ಕರೆಯುವುದಿಲ್ಲ. ಆದರೆ ಅದನ್ನು ಹೇಳುವ ಹಕ್ಕು ಟಿಕೆಟಿನ ಜೊತೆ ನಮಗೆ ಮಾತ್ರ ಬರುತ್ತದೆ.

2023ರ ಡಿಸೆಂಬರಿನಲ್ಲಿ ರಾಜ್ಯದಲ್ಲಿ ಬರ. ಪರಿಹಾರ ಕೇಳಲು ದೆಹಲಿಗೆ ಹೋದ ಮುಖ್ಯಮಂತ್ರಿಯೊಂದಿಗಿದ್ದ ಸಚಿವ ಜಮೀರ್ ಅಹ್ಮದ್ ಖಾನ್ ಐಷಾರಾಮಿ ಖಾಸಗಿ ವಿಮಾನದೊಳಗಿನ ನಗುಮುಖದ ವಿಡಿಯೊ ಹಾಕಿದರು. ಬಿಜೆಪಿ ಕೆರಳಿತು. ಮೋದಿಯವರು ಯಾವುದರಲ್ಲಿ ಓಡಾಡುತ್ತಾರೆ ಕೇಳಿ ಎಂದು ಸಿದ್ದರಾಮಯ್ಯ ಮರುಪ್ರಶ್ನೆ ಹಾಕಿದರು. ನಮ್ಮ ತರ್ಕದಲ್ಲಿ ಇದಕ್ಕೆ ಉತ್ತರವೆಂಬ ಹೆಸರಿಲ್ಲ, ಆದರೂ ಎಲ್ಲ ಪಕ್ಷದವರೂ ಇದನ್ನೇ ಬಳಸುತ್ತಾರೆ. ಆಸ್ಟ್ರೇಲಿಯಾದಲ್ಲಿ 2015ರಲ್ಲಿ ಸ್ಪೀಕರ್ ಬ್ರಾನ್ವಿನ್ ಬಿಷಪ್ ಮೆಲ್ಬರ್ನಿನಿಂದ ಜೀಲಾಂಗಿಗೆ, ಕಾರಿನಲ್ಲಿ ಒಂದು ಗಂಟೆಯ ದಾರಿ, ಪಕ್ಷದ ನಿಧಿ ಸಂಗ್ರಹಕ್ಕೆ ಸರ್ಕಾರಿ ಖರ್ಚಿನ ಹೆಲಿಕಾಪ್ಟರಿನಲ್ಲಿ ಹೋಗಿದ್ದಕ್ಕೆ ಹುದ್ದೆಯನ್ನೇ ಬಿಡಬೇಕಾಯಿತು. ಹೋದದ್ದು ಐದು ಸಾವಿರ ಡಾಲರಿನ ಚಿಲ್ಲರೆ. ನಮ್ಮಲ್ಲಿ ಅಂಥ ಪದ್ಧತಿ ಬಂದರೆ ಹೆಲಿಪ್ಯಾಡುಗಳಲ್ಲಿ ರಾಗಿ ಒಣಹಾಕಬಹುದು.

ಉಳಿದದ್ದು ಕೋಪಪ್ರಕರಣ. ಜನರ ಕೋಪದಲ್ಲಿ ಹಾರನ್ ಕೋಪ ಸಿಗ್ನಲ್ ಬಿಟ್ಟೊಡನೆ ಆರುತ್ತದೆ, ವಿಡಿಯೊ ಕೋಪ ಮುಂದಿನ ವಿಡಿಯೊದವರೆಗೆ ಇರುತ್ತದೆ. ಪ್ರತಿಪಕ್ಷದ ಕೋಪ ಸಂಚಾರಿ, ಚುನಾವಣೆ ಮುಗಿದ ಮೇಲೆ ಆ ಬದಿಯ ಬೆಂಚಿನಿಂದ ಈ ಬದಿಗೆ ದಾಟುತ್ತದೆ. ಇವೆಲ್ಲ ನಿರುಪದ್ರವಿಗಳು. ಗಣ್ಯಗಮನವನ್ನು ಪೋಷಿಸುವುದು ಅಭಿಲಾಷಿ ಕೋಪ, ಎಂದರೆ ಸೈರನ್ನಿಗೆ ಬೈಯುತ್ತ ಲೆಟರ್‌ಹೆಡ್ಡಿಗೆ ಅರ್ಜಿ ಹಾಕುವವರದು. ಶಾಸಕರ ಮನೆಯ ಮುಂದೆ ಬೆಳಿಗ್ಗೆ ಏಳಕ್ಕೆ ಹೋಗಿ ನೋಡಿ. ರೈಲಿನ ಬರ್ತು, ತಿರುಪತಿ ದರ್ಶನ, ಮಗಳ ವರ್ಗಾವಣೆ, ಕಾರಿಗೆ ವಿಧಾನಸೌಧದ ಪಾಸು. ನಮ್ಮ ಶಾಸಕರು ಆಟೊದಲ್ಲಿ ಓಡಾಡುತ್ತಾರೆ ಎಂದು ಹೇಳಿಕೊಳ್ಳಲು ಹೆಮ್ಮೆ, ಮದುವೆ ಮನೆಗೆ ಅವರು ಆಟೊದಲ್ಲಿ ಬಂದರೆ ಮುಜುಗರ.

ಪೂರ್ವಪಕ್ಷಿಯ ಮಾತಿಗೂ ಉತ್ತರ ಕೊಡಬೇಕು. ಭದ್ರತೆ ಬೇಕಲ್ಲವೇ, ಜನಕ್ಕೆ ತಾಳ್ಮೆ ಬೇಡವೇ, ಓಡಾಟದ ಖರ್ಚು ಕೊಡದಿದ್ದರೆ ದುಡ್ಡಿದ್ದವರಷ್ಟೇ ಶಾಸಕರಾಗುವುದಿಲ್ಲವೇ ಎಂದು ಅವನು ಕೇಳುತ್ತಾನೆ. ನ್ಯಾಯವಾದ ಪ್ರಶ್ನೆ. ಖರ್ಚು ಕೊಡಲಿ. ಮಂಗಳೂರಿನ ಆಂಬುಲೆನ್ಸಿಗೆ ದಾರಿ ಬಿಟ್ಟ ಜನ ಭದ್ರತೆಗೂ ಬಿಡುತ್ತಾರೆ. ಅವರ ಸಿಟ್ಟು ಹೋಗುವುದರ ಮೇಲಿಲ್ಲ, ಏಕೆ ಹೋಗುತ್ತಿದ್ದೀರಿ, ನಮ್ಮನ್ನು ಏಕೆ ನಿಲ್ಲಿಸಿದಿರಿ ಎಂದು ಯಾರೂ ಹೇಳದಿರುವುದರ ಮೇಲಿದೆ.

2025ರ ಜನವರಿಯಲ್ಲಿ ರಾಜ್ಯದ ಬಸ್ ದರ ಶೇ 15ರಷ್ಟು ಏರಿತು, ಫೆಬ್ರುವರಿಯಲ್ಲಿ ಮೆಟ್ರೊ ಟಿಕೆಟಿನ ಗರಿಷ್ಠ ದರ 90 ರೂಪಾಯಿ ಆಯಿತು. ಎರಡಕ್ಕೂ ಬೇಕಾದಷ್ಟು ಸಮಜಾಯಿಷಿ ಸಿಕ್ಕಿತು. ಮಾರ್ಚಿನಲ್ಲಿ ಶಾಸಕರ ತಿಂಗಳ ಸಂಬಳವನ್ನು 40 ಸಾವಿರದಿಂದ 80 ಸಾವಿರಕ್ಕೆ ಏರಿಸಿದ, ಭತ್ಯೆಗಳನ್ನೂ ಹೆಚ್ಚಿಸಿದ ಮಸೂದೆ ಬಂತು. ಅಂದು ವಿಧಾನಸಭೆಯಲ್ಲಿ ಹನಿಟ್ರ್ಯಾಪ್ ಗಲಾಟೆ, 18 ಬಿಜೆಪಿ ಶಾಸಕರ ಅಮಾನತು. ಆ ಗದ್ದಲದ ನಡುವೆಯೇ ಮಸೂದೆ ಚರ್ಚೆಯಿಲ್ಲದೆ ಪಾಸಾಯಿತು. ಸನ್ಮಾನ್ಯ ಸದಸ್ಯರಲ್ಲಿ ಒಂದು ವಿನಂತಿ: ಮುಂದಿನ ಸಲ ಇಂಥ ಮಸೂದೆ ತಂದಾಗ ಒಂದು ಗಂಟೆ ಚರ್ಚೆ ಮಾಡಿ. ಎಷ್ಟು ಓಡಾಡುತ್ತೀರಿ, ಯಾವುದಕ್ಕೆ ಎಷ್ಟು ಬೇಕು ಎಂದು ಒಬ್ಬರಾದರೂ ಎದ್ದುನಿಂತು ಲೆಕ್ಕ ಹೇಳಿ. ಕೇಳಿಸಿಕೊಳ್ಳಲು ನಮಗೆ ಸಿಗ್ನಲ್ಲಿನಲ್ಲಿ ಪುರುಸೊತ್ತಿದೆ.